ಅವ್ವ ಕಂಡ ಯುದ್ಧ

ಮರಿಯಮ್ಮನಹಳ್ಳಿಯ ಅಂಜಿನಯ್ಯ ಹೊಸಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಸತ್ತವರ ತಿಥಿಯ ಕಾರ್ಡು ಟೈಪು ಮಾಡುವ ಕೆಲಸದವನು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಸಂಜೆ ಬಸ್ಸು ಹತ್ತಿ ಬರುವವನು. ಅವನು ಒಂದು ಕಾದಂಬರಿ ಬರೆದಿದ್ದಾನೆ ಅನ್ನುವುದು ಊರಿನಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರು ಅದನ್ನು ಅವನಿಗಿದ್ದ ಒಂದು ಕಾಯಿಲೆ ಅನ್ನುವ ಹಾಗೆ ಕಂಡು, ಆ ಮಾತು ಎತ್ತುತ್ತಿರಲಿಲ್ಲ.

ಪ್ರೆಸ್ಸಿಗೆ ಸೇರುವ ಮೊದಲು ಅವನು ಸಂಡೂರಿನ ಗುಡ್ಡದಲ್ಲಿದ್ದ. ಕಬ್ಬಿಣದ ಅದಿರಿಗೆ ಬೆಲೆ ಬಂದಿದ್ದ ವರ್ಷಗಳವು. ಊರ ಮುಂದಿನ ರಸ್ತೆಯಲ್ಲಿ ಲಾರಿಗಳು ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಹೋಗುತ್ತಿದ್ದವು. ಒಗೆದು ಹಾಕಿದ ಬಿಳಿ ಅಂಗಿ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಬಿ.ಎ.ಯನ್ನು ಅರ್ಧಕ್ಕೆ ಬಿಟ್ಟಿದ್ದ ಅಂಜಿನಯ್ಯ ಒಂದು ಗಣಿಯಲ್ಲಿ, ಗುಂಡಿಯ ಅಂಚಿಗೆ ನಿಂತು ಟಿಪ್ಪರುಗಳನ್ನು ಸರದಿಯ ಮೇಲೆ ಕೆಳಗೆ ಬಿಡುವ ಕೆಲಸ ಹಿಡಿದ. ಸ್ವಲ್ಪ ದಿನಕ್ಕೆ ತಮ್ಮ ಯಲ್ಲೇಶನನ್ನೂ ಅಲ್ಲಿಗೇ ಸೇರಿಸಿದ. ಯಲ್ಲೇಶನದು ಗುಂಡಿಯ ತಳದ ಕೆಲಸ. ಟಿಪ್ಪರು ಹಿಂದಕ್ಕೆ ಬರುವಾಗ ಸೀಟಿ ಊದುತ್ತ ಡ್ರೈವರಿಗೆ ದಾರಿ ತೋರಿಸಬೇಕು. ಮೇಲೆ ನಿಂತ ಅಣ್ಣನಿಗೆ ತಮ್ಮನ ಮುಖ ಕಾಣುತ್ತಿರಲಿಲ್ಲ, ಸೀಟಿ ಮಾತ್ರ ಕೇಳುತ್ತಿತ್ತು. ಊದುವುದರಲ್ಲಿಯೇ ಅವನ ಮನಸ್ಸು ಹೇಗಿದೆ ಅಂತ ಅಂಜಿನಯ್ಯನಿಗೆ ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ, ಬುತ್ತಿ ಬಿಚ್ಚುವ ಹೊತ್ತಿಗೆ, ಗುಂಡಿಯ ಒಂದು ಮಗ್ಗುಲು ಕುಸಿಯಿತು. ಅಂಥ ದೊಡ್ಡ ಸದ್ದೇನೂ ಆಗಲಿಲ್ಲ. ಧೂಳು ಎದ್ದಿತು. ಎದ್ದ ಧೂಳು ಗುಂಡಿಯನ್ನು ಬಾಯಿತನಕ ತುಂಬಿಬಿಟ್ಟಿತು. ಒಳಗಿದ್ದ ಡ್ರೈವರುಗಳು ದಿಕ್ಕು ತಿಳಿಯದೆ ಗಾಡಿಗಳನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿದರು. ಸ್ವಲ್ಪ ಹೊತ್ತು ಸೀಟಿ ಕೇಳಿತು, ಆಮೇಲೆ ಕೇಳಲಿಲ್ಲ. ಅಂಜಿನಯ್ಯ ಕೆಳಗೆ ಓಡಿದ. ಅವನ ಹಾಗೆಯೇ ಇನ್ನೂ ಹಲವರು ಓಡಿದರು. ಮುಂದೆ ಚಾಚಿದ ಕೈ ಕಾಣದ ಆ ಕೆಂಪಿನೊಳಗೆ ಅವರು ಒಬ್ಬರಿಗೊಬ್ಬರು ಹಾಯ್ದರು, ಬಿದ್ದರು, ಬಿದ್ದವರನ್ನು ತುಳಿದುಕೊಂಡು ಓಡಿದರು. ಒಂದು ಕಡೆ ಅಂಜಿನಯ್ಯನ ಕಾಲಡಿಗೂ ಮೆತ್ತಗೆ ಏನೋ ಸಿಕ್ಕಿತು. ಅವನು ನಿಲ್ಲಲಿಲ್ಲ. ತಮ್ಮನ ಹೆಸರು ಕೂಗುತ್ತ ಮುಂದೆ ಹೋದ.

ಧೂಳು ಇಳಿದ ಮೇಲೆ ಯಲ್ಲೇಶ ಸಿಕ್ಕ. ಅಣ್ಣ ದಾಟಿ ಬಂದಿದ್ದ ದಾರಿಯಲ್ಲೇ ಸಿಕ್ಕ. ಮಣ್ಣು ಕೊಂದಿತೋ, ಗಾಲಿ ಕೊಂದಿತೋ, ಕಾಲುಗಳು ಕೊಂದವೋ, ಹೇಳಬಲ್ಲವರು ಯಾರೂ ಇರಲಿಲ್ಲ.

ಬಟ್ಟೆ ಸುತ್ತಿ ಊರಿಗೆ ತಂದರು. ಮುಖದ ಮೇಲಿನ ಬಟ್ಟೆ ತೆಗೆಯುವುದು ಬೇಡ ಅಂದರು ಹಿರಿಯರು. ತಾಯಿ ಜಂಬವ್ವ ನೆಲಕ್ಕೆ ಕೈ ಬಡಿದು ಕೇಳಿದಳು, “ಹೆತ್ತಾಕಿ ನಾನು. ಮಗನ ಮುಖ ನಾ ನೋಡಬಾರದೇನ್ರೋ?” ಯಾರೂ ಬಟ್ಟೆ ಸರಿಸಲಿಲ್ಲ. ಅಂಜಿನಯ್ಯ ಅವಳ ಭುಜ ಹಿಡಿದು ಹೇಳಿದ, “ಮಣ್ಣು ಬಿತ್ತವ್ವ. ಏನಾತು ಅಂತ ಗೊತ್ತಾಗೋದ್ರಾಗ ಹೋಗಿಬಿಟ್ಟ. ನೋವಾಗಿಲ್ಲ ಅವಂಗ.” ಆ ಮಾತನ್ನು ಅವಳು ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮತ್ತೆ ಕೇಳಲಿಲ್ಲ, ಅಷ್ಟೆ.

ಮುಂದೆ ಕೋರ್ಟಿನ ಆದೇಶದಿಂದ ಗಣಿಗಳು ಬಂದ್ ಆದವು. ಅಂಜಿನಯ್ಯ ಪ್ರೆಸ್ಸಿಗೆ ಸೇರಿದ, ಪಂಪಾವತಿಯನ್ನು ಮದುವೆಯಾದ. ಕೆಲಸವಿಲ್ಲದ ಆಷಾಢದ ಮಧ್ಯಾಹ್ನಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಬರೆಯತೊಡಗಿದ. ಯಲ್ಲೇಶನ ವಿಷಯ ಬರೆಯಬೇಕೆಂದು ಕುಳಿತರೆ ಒಂದು ಸಾಲೂ ಬರಲಿಲ್ಲ. ಆದ್ದರಿಂದ ಇಲ್ಲದ ಒಂದು ನಾಡು ಬರೆದ. ಅಲ್ಲಿ ಧೂಳಗಿರಿ ಅನ್ನುವ ಬೆಟ್ಟ. ಬೆಟ್ಟವೆಂದರೆ ಬೆಟ್ಟವಲ್ಲ, ಮಲಗಿದ ಒಂದು ಮೃಗ. ಅದರ ನೆತ್ತರು ಒಣಗಿ ಕೆಂಪು ಪುಡಿಯಾಗಿದೆ. ಆ ಪುಡಿಯಿಂದ ಮಾಡಿದ ಕತ್ತಿ ಎಂದೂ ಮೊಂಡಾಗುವುದಿಲ್ಲವೆಂದು ಇಬ್ಬರು ರಾಜರು ಎರಡು ಕಡೆಯಿಂದ ಅದನ್ನು ಅಗೆಯುತ್ತಾರೆ. ಬೊಮ್ಮ, ಕೆಂಚ ಅಂತ ಇಬ್ಬರು ಅಣ್ಣತಮ್ಮಂದಿರು ಒಬ್ಬ ರಾಜನ ದಂಡಿನಲ್ಲಿದ್ದಾರೆ. ಕಥೆ ಬಹಳ ದೂರ ಹೋಗುತ್ತದೆ. ಹಾರುವ ಹದ್ದಿನ ಸವಾರರು ಬರುತ್ತಾರೆ, ಮಾತಾಡುವ ಕಲ್ಲುಗಳು ಬರುತ್ತವೆ. ಕೊನೆಗೆ ಎರಡೂ ದಂಡು ಬೆಟ್ಟದ ಹೊಟ್ಟೆಯೊಳಗೆ ಎದುರಾಗುತ್ತವೆ.

ಇಡೀ ಪುಸ್ತಕ ಆ ಯುದ್ಧಕ್ಕಾಗಿ ಕಾಯುತ್ತದೆ. ಆದರೆ ಯುದ್ಧ ಇರುವುದು ಮೂರೇ ಪುಟ. ಕಹಳೆ ಊದಿದ ಕೂಡಲೇ ಮೃಗ ಮಗ್ಗುಲು ಬದಲಿಸುತ್ತದೆ, ಧೂಳು ಏಳುತ್ತದೆ, ಯಾರಿಗೂ ಏನೂ ಕಾಣುವುದಿಲ್ಲ. ಹೆದರಿದವರು ಕೈಗೆ ಸಿಕ್ಕವರನ್ನು ಕಡಿಯುತ್ತಾರೆ. ಧೂಳು ಇಳಿದಾಗ ಬದುಕಿದವರೆಲ್ಲ ಒಂದೇ ಬಣ್ಣ. ಯಾರು ಯಾವ ರಾಜನ ಕಡೆಯವರೆಂದು ಅವರಿಗೇ ಗುರುತು ಸಿಗುವುದಿಲ್ಲ. ಬೊಮ್ಮ ತನ್ನ ಕಾಲ ಕೆಳಗೆ ನೋಡಿಕೊಳ್ಳುತ್ತಾನೆ, ಅಲ್ಲಿ ಕೆಂಚನ ಕೈ ಇರುತ್ತದೆ. ಕತ್ತಿ ಯಾರದೆಂದು ಅವನಿಗೆ ಗೊತ್ತಾಗುವುದಿಲ್ಲ. ಗೆದ್ದವರಿಲ್ಲ. ಇಬ್ಬರೂ ರಾಜರು ಮಾರನೆಯ ದಿನ ಹೊಸ ಆಳುಗಳನ್ನು ಕಳಿಸುತ್ತಾರೆ.

ಪ್ರೆಸ್ಸಿನ ಮಾಲೀಕ ರೇವಣಸಿದ್ದ ಒಳ್ಳೆಯ ಮನುಷ್ಯ. ಉಳಿದ ಕಾಗದದಲ್ಲಿ ಪುಸ್ತಕ ಅಚ್ಚು ಹಾಕಿಕೊಟ್ಟ. ಹಂಪಿ ಉತ್ಸವದ ಪುಸ್ತಕ ಮಳಿಗೆಯಲ್ಲಿ ಅದು ನಾಲ್ಕಾರು ವರ್ಷ ಮೂಲೆ ಹಿಡಿದು ಕುಳಿತಿತ್ತು. ಒಂದು ವರ್ಷ ಬೆಂಗಳೂರಿನ ಗಿರೀಶ್ ಅನ್ನುವ ಸಿನಿಮಾ ನಿರ್ದೇಶಕ ಉತ್ಸವ ನೋಡಲು ಬಂದವನು ಅದನ್ನು ಕೊಂಡು, ಹೋಟೆಲಿನ ಕೋಣೆಯಲ್ಲಿ ಓದಿ ಮುಗಿಸಿ, ಮಾರನೆಯ ದಿನವೇ ಪ್ರೆಸ್ಸು ಹುಡುಕಿಕೊಂಡು ಬಂದ.

ಗಿರೀಶ್ ಮೋಸಗಾರನಲ್ಲ, ದಡ್ಡನೂ ಅಲ್ಲ. ಪುಸ್ತಕದ ಸಾಲುಗಳು ಅವನ ಬಾಯಲ್ಲಿದ್ದವು. ತಿಂಗಳುಗಳಾದ ಮೇಲೆ ಚಿತ್ರಕಥೆ ತಂದು ಅಂಜಿನಯ್ಯನ ಮುಂದೆ ತಾನೇ ಓದಿದ. ಯುದ್ಧ ಬಂದಾಗ ಅಂಜಿನಯ್ಯ ಕೈ ಅಡ್ಡ ಹಿಡಿದ.

“ಈ ದಂಡನಾಯಕ ಯಾರ್ರೀ? ನನ್ನ ಪುಸ್ತಕದಾಗ ಇವ ಇಲ್ಲ.”

“ಇಲ್ಲ ಸರ್. ಅದಕ್ಕೇ ಹಾಕಿದೀನಿ,” ಅಂದ ಗಿರೀಶ್. “ಪುಸ್ತಕದಲ್ಲಿ ಧೂಳು ಅಂತ ಬರೆದ್ರೆ ಓದೋರು ಒಳಗಿರೋದನ್ನ ತಾವೇ ಕಾಣ್ತಾರೆ. ಪರದೆ ಮೇಲೆ ಧೂಳು ತುಂಬಿದ್ರೆ ಧೂಳು ಅಷ್ಟೇ ಕಾಣೋದು. ಎರಡು ನಿಮಿಷ ಏನೂ ಕಾಣದೇ ಇದ್ರೆ ಜನ ಮೊಬೈಲ್ ತೆಗೀತಾರೆ. ಯಾರು ಯಾರನ್ನ ಹೊಡೀತಿದಾರೆ ಅಂತ ಗೊತ್ತಾಗ್ಬೇಕು. ಕೆಂಚನ್ನ ಯಾರೋ ಒಬ್ಬ ಕೊಲ್ಲಬೇಕು.”

“ಯಾರೂ ಕೊಲ್ಲಲಿಲ್ಲ ಅನ್ನೋದೇ ಐತಲ್ರೀ ಅದರಾಗ.”

“ನಂಗೆ ಅರ್ಥ ಆಗತ್ತೆ ಸರ್,” ಅಂದ ಗಿರೀಶ್. “ಆದ್ರೆ ಎರಡೂವರೆ ಗಂಟೆ ಕೂತವನಿಗೆ ಕೊನೇಲಿ ಯಾರೂ ಇಲ್ಲ ಅಂತ ಹೇಳಿ ಕಳಿಸೋಕಾಗಲ್ಲ. ಮೂರು ಪುಟದ ಯುದ್ಧಾನ ನಾನು ಇಪ್ಪತ್ತೈದು ನಿಮಿಷ ಮಾಡ್ತೀನಿ. ಬೆಟ್ಟ ಅದೇ, ಅಣ್ಣತಮ್ಮಂದಿರು ಅವರೇ.”

ಪುಸ್ತಕದಲ್ಲಿರುವುದು ಯಲ್ಲೇಶನ ಸಾವು ಎಂದು ಅಂಜಿನಯ್ಯ ಅವನಿಗೆ ಹೇಳಲಿಲ್ಲ. ಹೇಳಿದರೆ ಅದನ್ನೂ ಸಿನಿಮಾದ ಪ್ರಚಾರಕ್ಕೆ ಹಾಕುತ್ತಾರೆ ಅನ್ನಿಸಿತು. ಮನೆಯಲ್ಲಿ ಪಂಪಾವತಿ ಒಂದೇ ಮಾತು ಕೇಳಿದಳು, “ಒಪ್ಪಿಕೊಂಡ್ರೇನು?” ಅವನು ತಲೆಯಾಡಿಸಿದ. ಪುಸ್ತಕ ಮೂಲೆಯಲ್ಲಿ ಕುಳಿತು ಗೆದ್ದಲು ಹಿಡಿಯುವುದಕ್ಕಿಂತ ಇದು ಮೇಲು ಅಂದುಕೊಂಡಿದ್ದ.

ಹಂಪಿಯಲ್ಲಿ ಯುದ್ಧ ತೆಗೆಯಲು ಅನುಮತಿ ಸಿಗಲಿಲ್ಲ. ಸಂಡೂರಿನ ಹತ್ತಿರ, ಕೆಲಸ ನಿಂತು ಹಾಳುಬಿದ್ದ ಒಂದು ಗಣಿಯ ಬಯಲಿನಲ್ಲಿ ಕೋಟೆ ಕಟ್ಟಿದರು. ಭತ್ತದ ನಾಟಿ ಮುಗಿಸಿಕೊಂಡು ಬಿಡುವಾಗಿದ್ದ ಕಂಪ್ಲಿ ಕಡೆಯ ಜನರನ್ನು ಲಾರಿಗಳಲ್ಲಿ ತಂದು ಸೈನಿಕರ ವೇಷ ಹಾಕಿಸಿದರು. ಕರೆದಿದ್ದಾರೆಂದು ಅಂಜಿನಯ್ಯ ಒಂದು ದಿನ ಹೋದ. ಆ ಗಣಿ ತಮ್ಮ ಸತ್ತ ಗಣಿಯಲ್ಲ, ಆದರೆ ಮಣ್ಣು ಅದೇ ಮಣ್ಣು. ದೊಡ್ಡ ಫ್ಯಾನುಗಳು ಬಣ್ಣದ ಪುಡಿಯನ್ನು ತೂರುತ್ತಿದ್ದವು. ಕೆಳಗೆ ಇಷ್ಟೊಂದು ಕೆಂಪು ಮಣ್ಣು ಬಿದ್ದಿರುವಾಗ ಪುಡಿ ಯಾಕೆ ಅಂತ ಒಬ್ಬ ಕೆಲಸದವನನ್ನು ಕೇಳಿದ. “ಈ ಮಣ್ಣು ಕಣ್ಣಾಗ ಹೋದ್ರ ಹೀರೋಗೆ ಉರಿ ಆಗ್ತದ್ರೀ. ಇದು ಉರಿಯಂಗಿಲ್ಲ,” ಅಂದ ಅವನು.

ಕೆಂಚನ ಪಾತ್ರದವನು ಇಪ್ಪತ್ತು ದಾಟದ ಚೆಲುವ. ದಂಡನಾಯಕನ ಈಟಿ ಎದೆಗೆ ನಾಟಿ ಬೀಳುತ್ತಿದ್ದ. ಬೊಮ್ಮ ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಕೆಂಚ, “ಅವ್ವನಿಗೆ ಹೇಳು, ನಾನು ಬೆನ್ನು ತೋರಿಸಲಿಲ್ಲ,” ಅಂತ ಹೇಳಿ ಕಣ್ಣು ಮುಚ್ಚುತ್ತಿದ್ದ. ಬೆಳಕು ಸರಿಯಿಲ್ಲವೆಂದು ಮತ್ತೆ, ಧ್ವನಿ ಸರಿಯಿಲ್ಲವೆಂದು ಮತ್ತೆ. ಪ್ರತಿ ಸಲ ಯಾರೋ ಓಡಿ ಬಂದು ಅವನ ಮುಖದ ಧೂಳು ಒರೆಸಿ ಹೋಗುತ್ತಿದ್ದರು. ಮುಖ ಕಾಣಬೇಕಲ್ಲ. ಅಂಜಿನಯ್ಯ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ.

ಸಿನಿಮಾ ಬಿಡುಗಡೆಯಾದಾಗ ಹೊಸಪೇಟೆಯಲ್ಲಿ ಜಾತ್ರೆಯ ಹಾಗೆ ಜನ ಸೇರಿದರು. ನಮ್ಮ ಕಡೆಯವನ ಕಥೆಯೆಂದು ಮರಿಯಮ್ಮನಹಳ್ಳಿಯಿಂದ ಟೆಂಪೋ ಮಾಡಿಕೊಂಡು ಹೋದರು. ಆ ಹೊತ್ತಿಗೆ ಪುಸ್ತಕದಲ್ಲಿರುವುದು ಯಲ್ಲೇಶ ಅನ್ನುವ ಸುದ್ದಿ ಊರಿನಲ್ಲಿ ಹರಡಿತ್ತು. ಯಾರು ಹೇಳಿದರೋ, ಅಥವಾ ಓದಿದ ಯಾರೋ ತಾವೇ ಊಹಿಸಿದರೋ. ಜಂಬವ್ವನ ಕಿವಿಗೂ ಬಿತ್ತು. “ನನ್ನ ಸಣ್ಣಾವ ಸಿನಿಮಾದಾಗ ಬಂದಾನಂತ. ಕರಕೊಂಡ್ಹೋಗು,” ಅಂತ ಹಟ ಹಿಡಿದಳು. ಅಂಜಿನಯ್ಯ ನಾಳೆ ಹೋಗೋಣ, ನಾಡಿದ್ದು ಹೋಗೋಣ ಅಂತ ಮುಂದೂಡಿದ. ಕೊನೆಗೆ ಪಂಪಾವತಿಯೇ ಅತ್ತೆಯನ್ನು ಸಿದ್ಧಮಾಡಿ ನಿಲ್ಲಿಸಿದಾಗ ಮೂವರೂ ಹೋದರು.

ಜಂಬವ್ವ ಸಿನಿಮಾ ನೋಡಿ ಎಷ್ಟೋ ವರ್ಷಗಳಾಗಿದ್ದವು. ಹದ್ದುಗಳು ಹಾರಿದಾಗ ಬೆರಗಾದಳು. ಕಲ್ಲು ಮಾತಾಡಿದಾಗ ನಕ್ಕಳು. ಕೆಂಚ ಬಿದ್ದಾಗ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಪರದೆಯ ತುಂಬ ಆ ಮುಖವಿತ್ತು. ಧೂಳಿಲ್ಲದ, ಗಾಯವಿಲ್ಲದ, ನಿದ್ದೆಗೆ ಜಾರುತ್ತಿರುವ ಮಗುವಿನಂಥ ಮುಖ. ಅವ್ವನಿಗೆ ಹೇಳು ಅಂದದ್ದು ಕೇಳಿ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಬೊಮ್ಮ ದಂಡನಾಯಕನನ್ನು ಬೆಟ್ಟದ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿ ಕತ್ತರಿಸಿದ. ಜನ ಎದ್ದು ನಿಂತು ಸಿಳ್ಳೆ ಹಾಕಿದರು. ಜಂಬವ್ವ ಸಿಳ್ಳೆ ಹಾಕಲಿಲ್ಲ, ಆದರೆ ಅವಳ ಎರಡೂ ಮುಷ್ಟಿ ಬಿಗಿದಿದ್ದವು. ಪಕ್ಕದಲ್ಲಿದ್ದ ಅಂಜಿನಯ್ಯ ಪರದೆ ನೋಡಲಿಲ್ಲ, ಆ ಮುಷ್ಟಿಗಳನ್ನು ನೋಡಿದ.

ಬಸ್ಸಿನಲ್ಲಿ ಅವಳು ಹಗುರಾಗಿದ್ದಳು. “ಅಂತೂ ಮಗನ ಮುಖ ನೋಡಿದೆ,” ಅಂದಳು ಸೊಸೆಗೆ. ಆ ಒಂದು ಮಾತಿಗಾದರೂ ಗಿರೀಶನಿಗೆ ಕೈ ಮುಗಿಯಬೇಕು ಅಂತ ಅಂಜಿನಯ್ಯನಿಗೆ ಅನ್ನಿಸಿದ್ದುಂಟು. ಅವಳು ನೆರೆಮನೆಯ ಎಲ್ಲಮ್ಮನ ಜೊತೆ ಇನ್ನೊಮ್ಮೆ ಹೋಗಿ ನೋಡಿಕೊಂಡು ಬಂದಳು.

ಅದರ ಮಾರನೆಯ ಬೆಳಿಗ್ಗೆ ಅಂಜಿನಯ್ಯ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ. ಜಂಬವ್ವ ಬಂದು ಹಿಂದೆ ನಿಂತಳು.

“ಅವ ಯಾರು?”

“ಯಾರವ್ವ?”

“ನನ್ನ ಮಗನ್ನ ಕೊಂದಾವ. ಈಟಿ ಹೊಡದಾವ. ಖರೇನ ಅವನ ಹೆಸರೇನು?”

ಅಂಜಿನಯ್ಯ ನೀರಿನ ಚೊಂಬು ಕೆಳಗಿಟ್ಟ. “ಅದು ಸಿನಿಮಾ ಅವ್ವ. ಅಂಥಾವ ಯಾರೂ ಇಲ್ಲ.”

“ಸಿನಿಮಾ ಮಾಡಿದ್ದು ನಿನ್ನ ಪುಸ್ತಕ. ಪುಸ್ತಕದಾಗ ಬರದದ್ದು ಯಲ್ಲೇಶನ್ನ. ಊರೆಲ್ಲ ಅಂತದ. ಮಣ್ಣು ಬಿತ್ತು ಅಂತ ನನ್ನ ಮುಂದ ಹೇಳಿ, ಅವನ್ನ ಬಚ್ಚಿಟ್ಟಿ. ಗಣಿ ಸಾಹುಕಾರ ಏನು? ಮೇಸ್ತ್ರಿ ಏನು?”

“ಯಾರೂ ಇಲ್ಲವ್ವ. ನಿನ್ನಾಣೆ.”

“ಅದರಾಗಿನ ಅಣ್ಣ ಕೊಂದಾವನ್ನ ಬಿಡಲಿಲ್ಲ,” ಅಂದಳು ಜಂಬವ್ವ. ಅವಳ ದನಿ ಏರಲಿಲ್ಲ. “ನೀನು ಏನು ಮಾಡಿದಿ?”

ತಮ್ಮ ಸತ್ತ ಮೇಲೆಯೂ ಗಣಿ ಮುಚ್ಚುವವರೆಗೆ ಅವನು ಅದೇ ಅಂಚಿನ ಮೇಲೆ ನಿಂತು ಟಿಪ್ಪರು ಬಿಟ್ಟಿದ್ದ. ಅದು ಅವಳಿಗೆ ಗೊತ್ತಿತ್ತು. ಆಗ ಅದು ಹೊಟ್ಟೆಪಾಡು ಆಗಿತ್ತು. ಈಗ ಬೇರೆಯದೇ ಆಗಿ ಕಂಡಿತು.

ಅಂದಿನಿಂದ ಅವಳು ಮಗನ ಕೈಯಿಂದ ನೀರೂ ಮುಟ್ಟಲಿಲ್ಲ. ಪಂಪಾವತಿ ಬಡಿಸಿದರೆ ಉಣ್ಣುತ್ತಿದ್ದಳು, ಅವನು ಎದುರು ಕುಳಿತರೆ ತಟ್ಟೆ ಹಿಡಿದು ಎದ್ದು ಹೋಗುತ್ತಿದ್ದಳು. ಎಲ್ಲಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತು, ಸಾಹುಕಾರನಿಗೆ ಹೆದರಿ ನನ್ನ ಹಿರಿಯ ಮಗ ಬಾಯಿ ಮುಚ್ಚಿಕೊಂಡ ಅಂತ ಬಂದವರಿಗೆಲ್ಲ ಹೇಳಿದಳು. ಮೈ ಸಣ್ಣಗಾಗುತ್ತ ಬಂತು. “ಆ ಅಣ್ಣ ಎಂಥಾವ, ಈ ಅಣ್ಣ ಎಂಥಾವ,” ಅನ್ನುವ ಮಾತು ಅಂಜಿನಯ್ಯನ ಕಿವಿಗೆ ಬಸ್ ಸ್ಟ್ಯಾಂಡಿನಲ್ಲೂ ಬಿತ್ತು. ಇತ್ತ ಪ್ರೆಸ್ಸಿನಲ್ಲಿ ರೇವಣಸಿದ್ದ ಪುಸ್ತಕವನ್ನು ಸಿನಿಮಾದ ಚಿತ್ರದ ಹೊದಿಕೆ ಹಾಕಿ ಮತ್ತೆ ಅಚ್ಚು ಮಾಡಿದ್ದ. ಕೊಂಡವರು ಫೋನು ಮಾಡಿ, ಯುದ್ಧದ ಪುಟಗಳು ಬಿಟ್ಟುಹೋಗಿವೆ, ದಂಡನಾಯಕನೇ ಇಲ್ಲ, ಬೇರೆ ಪ್ರತಿ ಕೊಡಿ ಅಂತ ಜಗಳ ಮಾಡಿದರು. ಅಂಜಿನಯ್ಯ ಮೊದಮೊದಲು ವಿವರಿಸಿದ. ಆಮೇಲೆ ಫೋನು ಎತ್ತುವುದನ್ನು ಬಿಟ್ಟ.

“ಆ ಮೂರು ಪುಟ ಅತ್ತಿಯವರಿಗೆ ಓದಿ ಹೇಳ್ರಿ,” ಅಂದಳು ಪಂಪಾವತಿ ಒಂದು ದಿನ.

“ಕೇಳಿದ್ರ ಸಾಯ್ತಾಳ.”

“ಈಗೇನು ಬದುಕ್ಯಾರೇನು? ನೀವಾದ್ರೂ ಬದುಕೀರೇನು?”

ಒಂದು ಭಾನುವಾರ, ಇಳಿಹೊತ್ತಿನಲ್ಲಿ, ಅವನು ಪುಸ್ತಕ ಹಿಡಿದು ತಾಯಿಯ ಎದುರು ನೆಲದ ಮೇಲೆ ಕುಳಿತ. ಜಂಬವ್ವ ಮುಖ ತಿರುಗಿಸಿದಳು. ಏಳಲು ಹೋದವಳನ್ನು ಪಂಪಾವತಿ ಹಿಡಿದು ಕೂರಿಸಿದಳು. “ಕುಂದ್ರಿ ಅತ್ತಿ. ಒಂದು ಸಲ ಕೇಳ್ರಿ. ಆಮ್ಯಾಲ ನಿಮ್ಮಿಷ್ಟ.”

ಅಂಜಿನಯ್ಯ ಓದಿದ. ಕಹಳೆಯಿಂದ ಓದಿದ. ಧೂಳು ಎದ್ದದ್ದು, ಕೈ ಕಾಣದ್ದು, ತಮ್ಮವರೇ ತಮ್ಮವರಿಗೆ ಹಾಯ್ದದ್ದು. ಓದುವಾಗ ಎಷ್ಟು ಸಣ್ಣ ಯುದ್ಧ ಅನ್ನಿಸಿತು ಅವನಿಗೆ. ಪರದೆಯ ಮೇಲಿನ ಆ ಕುದುರೆಗಳು, ಆ ಬೆಂಕಿ, ಆ ಸದ್ದು ಯಾವುದೂ ಇಲ್ಲ. ಬರೀ ಕೆಮ್ಮುವ ಜನ. ಬೊಮ್ಮನ ಕಾಲಡಿಗೆ ಮೆತ್ತಗೆ ಏನೋ ಸಿಕ್ಕಿತು ಅನ್ನುವಲ್ಲಿಗೆ ಬಂದು ನಿಂತ. ಪುಸ್ತಕ ಕೆಳಗಿಟ್ಟು, ಉಳಿದದ್ದನ್ನು ಬೊಮ್ಮ, ಕೆಂಚ ಅನ್ನುವ ಹೆಸರುಗಳನ್ನು ಬಿಟ್ಟು, ಸಂಡೂರಿನ ಗುಂಡಿಯಲ್ಲಿ ಆದ ಹಾಗೆ ಹೇಳಿದ. ಸೀಟಿ ನಿಂತದ್ದು ಹೇಳಿದ. ತಾನು ನಿಲ್ಲದೆ ಓಡಿದ್ದು ಹೇಳಿದ. ಎಲ್ಲಿ ಸಿಕ್ಕ ಅನ್ನುವುದು ಹೇಳಿದ.

ಜಂಬವ್ವ ಬಹಳ ಹೊತ್ತು ಅವನ ಪಾದಗಳ ಕಡೆ ನೋಡುತ್ತಿದ್ದಳು.

“ಅದು ಯಲ್ಲೇಶನ ಏನು? ನೀ ತುಳದದ್ದು?”

“ಗೊತ್ತಿಲ್ಲವ್ವ. ಇರಬಹುದು.”

“ಉಸಿರಿತ್ತೇನು?”

“ಗೊತ್ತಿಲ್ಲ.”

“ಯಾರಿಗಾದ್ರೂ ಗೊತ್ತೈತೇನು?”

“ಯಾರಿಗೂ ಗೊತ್ತಿಲ್ಲ.”

ಅವಳು ಅಳಲಿಲ್ಲ. ಗೋಡೆಗೆ ಕೈಯೂರಿ ಎದ್ದಳು. ಬಾಗಿಲ ಹತ್ತಿರ ನಿಂತು, ತಿರುಗಿ ನೋಡದೆ ಹೇಳಿದಳು, “ಇದನ್ನ ಇನ್ನೊಬ್ಬರ ಮುಂದ ಓದಬ್ಯಾಡ.”

ಮತ್ತೆಂದೂ ಅವಳು ಸಾಹುಕಾರನ ಮಾತೆತ್ತಲಿಲ್ಲ. ಎಲ್ಲಮ್ಮನ ಕಟ್ಟೆಗೆ ಹೋಗುವುದೂ ನಿಂತಿತು. ಮಗ ಕೊಟ್ಟ ನೀರು ಕುಡಿದಳು, ಎದುರು ಕುಳಿತರೆ ಉಂಡಳು. ಊರವರಿಗೆ ತಾಯಿ ಮಗ ಸರಿಹೋದರು ಅನ್ನಿಸಿತು. ಆದರೆ ಅವನು ಒಳಗೆ ಬಂದಾಗಲೆಲ್ಲ ಅವಳ ಕಣ್ಣು ಮೊದಲು ಅವನ ಕಾಲಿಗೆ ಹೋಗಿ, ಆಮೇಲೆ ಮುಖಕ್ಕೆ ಬರುತ್ತಿತ್ತು. ಬೇಕೆಂದು ಮಾಡುತ್ತಿದ್ದುದಲ್ಲ. ತಡೆಯಲು ಅವಳ ಕೈಲಾಗುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಮನೆಯೊಳಗೆ ಪಂಚೆಯನ್ನು ಪಾದ ಮುಚ್ಚುವ ಹಾಗೆ ಬಿಟ್ಟು ಕೂರುವುದನ್ನು ರೂಢಿ ಮಾಡಿಕೊಂಡ.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಜಂಬವ್ವ ಹಾಸಿಗೆ ಹಿಡಿದಳು. ಹೊಸಪೇಟೆಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದರು. ಮಾತು ಸಣ್ಣದಾಯಿತು, ಬುದ್ಧಿ ಮಾತ್ರ ನೆಟ್ಟಗಿತ್ತು. ಒಂದು ಮುಂಜಾನೆ ಪಂಪಾವತಿ ಗಂಜಿ ಕಾಯಿಸಲು ಒಳಗೆ ಹೋಗಿದ್ದಾಗ ಅವಳು ಮಗನನ್ನು ಹತ್ತಿರ ಕರೆದಳು.

“ಯಲ್ಲೇಶ ಹೆಂಗ ಹೋದ, ಹೇಳು.”

ಅಂಜಿನಯ್ಯ ಪಂಚೆಯನ್ನು ಪಾದದ ಮೇಲೆ ಎಳೆದುಕೊಂಡ. “ಹೇಳೀನಲ್ಲವ್ವ.”

“ಅದಲ್ಲ,” ಅಂದಳು ಜಂಬವ್ವ. “ಟಾಕೀಸಿನಾಗ ಇತ್ತಲ್ಲ, ಅದು.”

ಅವನು ಅವಳ ತಲೆದಿಂಬಿನ ಪಕ್ಕ ಕುಳಿತ. ಗಿರೀಶ್ ಕಟ್ಟಿದ ಇಪ್ಪತ್ತೈದು ನಿಮಿಷವನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ನೆನಪಿದ್ದಷ್ಟು ಹೇಳಿದ, ಇಲ್ಲದ್ದನ್ನು ಸೇರಿಸಿದ. ಬಿಸಿಲು ನಿಚ್ಚಳವಾಗಿತ್ತು ಅಂದ. ದೂರದವರೆಗೆ ಎಲ್ಲರ ಮುಖವೂ ಕಾಣುತ್ತಿತ್ತು ಅಂದ. ಯಲ್ಲೇಶ ಮುಂದಿನ ಸಾಲಿನಲ್ಲಿದ್ದ, ಹೆದರಲಿಲ್ಲ, ಈಟಿ ನೆಟ್ಟಗೆ ಎದೆಗೇ ಬಂತು.

“ನೀ ಎಲ್ಲಿದ್ದಿ?”

“ಅಲ್ಲೇ ಇದ್ದೆ. ಓಡಿ ಹೋಗಿ ಹಿಡಕೊಂಡೆ. ತೊಡಿ ಮ್ಯಾಲ ತಲಿ ಇಟ್ಟುಕೊಂಡೆ.”

“ಏನಂದ?”

“ಬೆನ್ನು ತೋರಿಸಲಿಲ್ಲ ಅಂತ ಅವ್ವಗ ಹೇಳಣ್ಣ ಅಂದ.”

“ಕೊಂದಾವ?”

ಅಂಜಿನಯ್ಯ ಒಮ್ಮೆ ಬಾಗಿಲ ಕಡೆ ನೋಡಿದ. “ಬಿಡಲಿಲ್ಲ ಅವನ್ನ,” ಅಂದ. “ಗುಡ್ಡದ ತುದಿತನಕ ಓಡಿಸಿಕೊಂಡು ಹೋಗಿ ಕಡದು ಹಾಕಿದೆ.”

ಜಂಬವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು, ಎಲ್ಲಿಗೆ ಕಡಿದೆ ಅಂತ. ಕುತ್ತಿಗೆಗೆ ಅಂದ. ಅವಳು ತಲೆಯಾಡಿಸಿದಳು. ಮತ್ತೆ ಮೊದಲಿನಿಂದ ಹೇಳು ಅಂದಳು. ಅವನು ಮೊದಲಿನಿಂದ ಹೇಳಿದ.